ರಗತ ಕೊಟ್ಟ ಹೊತ್ತು

ದೇವದುರ್ಗದ ಓದುಗರೊಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದು, ಮಡಿಕೆಗಳಲ್ಲಿ ಹರಿಯುವಂತಾಗಿದ್ದ ಥೈರಾಯ್ಡ್ ರಿಪೋರ್ಟೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅದು ಅವರ ಮನೆಯವರದು. ಥೈರಾಯ್ಡ್ ಸುರಿಸುವ ಹಾರ್ಮೋನುಗಳಲ್ಲಿ ಟಿ-3 ಎದುರಿಗೆ ಹೆಚ್ಚು ಎಂಬ ಗುರುತು, ಟಿ-4 ಎದುರಿಗೆ ಕಡಿಮೆ ಎಂಬ ಗುರುತು. ಥೈರಾಯ್ಡನ್ನು ನಡೆಸುವ ಟಿಎಸ್‌ಎಚ್ ಮಾತ್ರ 1.4, ಇರಬೇಕಾದಲ್ಲೇ ಇದೆ. "ಟಿ-4 ಕಡಿಮಿ ಬಂದದ, ಗುಳಿಗಿ ಇನ್ನರ್ಧ ಹೆಚ್ಚು ಮಾಡ್ರಿ ಅಂತ ಅಂಗಡ್ಯಾಗ ಅಂದ್ರು. ಟಿ-3 ಹೆಚ್ಚಾಗ್ಯದ, ಗುಳಿಗಿ ಬಿಟ್ಟೇಬಿಡ್ರಿ ಅಂತ ಮಗಳು ಫೋನಿನ್ಯಾಗ ಅಂತಾಳ. ಯಾರ ಮಾತು ಕೇಳಬೇಕ್ರಿ?" ಎಂದರು. ಒಂದೇ ಹಾಳೆ, ಎರಡು ತದ್ವಿರುದ್ಧ ಸಲಹೆ. ಎರಡನ್ನೂ ಕೇಳಬಾರದಿತ್ತು.

ಆ ತಾಯಿ ನುಂಗುತ್ತಿದ್ದುದು ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಥೈರೋನಾರ್ಮ್, ಎಲ್‌ಟ್ರಾಕ್ಸಿನ್‌ನಂಥ ಗುಳಿಗೆಯಲ್ಲ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ವೈದ್ಯರು ಬರೆದುಕೊಟ್ಟದ್ದು. ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿ ಒತ್ತಿದ ಮಾತ್ರೆ ಅದು. ಹಂದಿಯದೆಂಬುದು ನಮ್ಮಿಂದ ಕೇಳುವವರೆಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾಂಸ ಮುಟ್ಟದ ಮನೆಗಳೂ ಹಂದಿ ಸಲ್ಲದ ಮನೆಗಳೂ ನಮ್ಮ ಓಣಿಗಳಲ್ಲಿ ತುಂಬಿವೆ. ಗುಳಿಗೆ ಯಾವುದರಿಂದಾದದ್ದು ಎಂಬುದನ್ನು ನುಂಗುವವರಿಗೆ ಮೊದಲೇ ಹೇಳಬೇಕು. ಅದು ಅವರ ಹಕ್ಕು.

ಹಾಗೆಂದು ಇದು ನಾಟಿ ಮದ್ದೂ ಅಲ್ಲ, ಮೋಸವೂ ಅಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಥೈರಾಯ್ಡ್ ಸೊರಗಿದ ಹೆಂಗಸೊಬ್ಬಳನ್ನು ಬದುಕಿಸಿದ. ಆಮೇಲೆ ಆಕೆ 28 ವರ್ಷ ಬಾಳಿದಳು. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಟಿ-4 ಅನ್ನು ಬೇರ್ಪಡಿಸಿದ, 1927ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ದಾರಿ ಸಿಕ್ಕಿತು. ಇವತ್ತಿನ ನಮ್ಮ ಮಾತ್ರೆ ಆ ದಾರಿಯದು, ಅದರಲ್ಲಿರುವುದು ಟಿ-4 ಒಂದೇ. ಅದರಲ್ಲಿ ಬೇಕಾದಷ್ಟನ್ನು ಮೈ ತಾನೇ ಟಿ-3 ಮಾಡಿಕೊಳ್ಳುತ್ತದೆ.

ಒಣಗಿಸಿದ ಗ್ರಂಥಿಯಲ್ಲಿ ಎರಡೂ ಇವೆ. ಅಮೆರಿಕದಲ್ಲಿ ಒಂದು ಗ್ರೇನ್ ಎಂದು ಕರೆಯುವ ಮಾತ್ರೆಯಲ್ಲಿ 38 ಮೈಕ್ರೋಗ್ರಾಂ ಟಿ-4, 9 ಮೈಕ್ರೋಗ್ರಾಂ ಟಿ-3. ಎಂದರೆ ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು. ಮನುಷ್ಯರ ಗ್ರಂಥಿ ಸುರಿಸುವುದು ಸುಮಾರು ಹದಿನಾಲ್ಕಕ್ಕೆ ಒಂದು. ಹಂದಿಯ ಲೆಕ್ಕದ ಮಾತ್ರೆ ನುಂಗಿದವರ ರಕ್ತದಲ್ಲಿ ಟಿ-4 ಕೆಳಗಿರುವುದು ಸಹಜ. ಕೆಲಸವನ್ನು ಟಿ-3 ನೇರವಾಗಿ ಮಾಡುತ್ತಿರುವಾಗ ಟಿ-4 ಅಷ್ಟು ಬೇಕಾಗಿಯೂ ಇಲ್ಲ. ಆ ಕಡಿಮೆಯನ್ನು ಸರಿಮಾಡುತ್ತೇನೆಂದು ಮಾತ್ರೆ ಏರಿಸುತ್ತ ಹೋದರೆ ಮೇಲೇರುವುದು ಟಿ-3. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯದ ಬಡಿತ ತಾಳ ತಪ್ಪಬಹುದು, ಮುಟ್ಟು ನಿಂತ ಹೆಂಗಸರ ಎಲುಬು ಸವೆಯುತ್ತದೆ. ಅಂಗಡಿಯವರ ಸಲಹೆ ಒಯ್ಯುತ್ತಿದ್ದುದು ಅಲ್ಲಿಗೆ.

ಇನ್ನು ಮಗಳ ಸಲಹೆ. ಟಿ-3 ನಿಜಕ್ಕೂ ಹೆಚ್ಚಾಗಿತ್ತೇ? ನಾವು ಕೇಳಿದ್ದು ಒಂದೇ ಪ್ರಶ್ನೆ: ಗುಳಿಗೆ ಎಷ್ಟಕ್ಕೆ ನುಂಗಿದ್ದರು, ರಗತ ಎಷ್ಟಕ್ಕೆ ಕೊಟ್ಟರು? ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ನುಂಗಿ ಬಸ್ಸು ಹತ್ತಿದ್ದಾರೆ, ರಾಯಚೂರಿನಲ್ಲಿಳಿದು ಚೀಟಿ ಮಾಡಿಸಿ ಒಂಬತ್ತೂವರೆಗೆ ತೋಳು ಚಾಚಿದ್ದಾರೆ. ನಡುವೆ ಮೂರೂವರೆ ತಾಸು. ನುಂಗಿದ ಟಿ-3 ರಕ್ತದಲ್ಲಿ ತುತ್ತತುದಿಗೆ ಏರುವುದೇ ಎರಡರಿಂದ ನಾಲ್ಕು ತಾಸಿನೊಳಗೆ. ಆಮೇಲೆ ಇಳಿಯುತ್ತದೆ. ತುದಿಯಲ್ಲಿ ಹಿಡಿದ ಅಂಕಿಯನ್ನು ದಿನವಿಡೀ ಹಾಗೇ ಇರುತ್ತದೆಂದು ಓದಿದರೆ ಓದು ತಪ್ಪಾಗುತ್ತದೆ. ಅದನ್ನು ನಂಬಿ ಗುಳಿಗೆ ಬಿಟ್ಟಿದ್ದರೆ ಥೈರಾಯ್ಡ್ ಕೊರತೆಯ ಮತ್ತೆ ಅದೇ ಬಾವು, ಅದೇ ಮಂಕು, ಅದೇ ಚಳಿ.

ದೇವದುರ್ಗ, ಮಾನ್ವಿಯಿಂದ ಬರುವವರಿಗೆ ಇದು ದಿನದ ಮಾತು. ನಸುಕಿನಲ್ಲಿ ಗುಳಿಗೆ, ಆಮೇಲೆ ಬಸ್ಸು, ಆಮೇಲೆ ಸಾಲು. ಸಾಲು ಕರಗುವಷ್ಟರಲ್ಲಿ ಯಾವ ತಾಸು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಣಗ್ರಂಥಿಯ ಮಾತ್ರೆ ನುಂಗುವವರು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆಯವರಿರಬಹುದು. ಆದರೆ ಬರೀ ಟಿ-4 ನುಂಗುವವರಿಗೂ ಈ ಮಾತು ಸಲ್ಲುತ್ತದೆ: ನುಂಗಿದ ಕೆಲವು ತಾಸು ಅವರ ರಕ್ತದಲ್ಲೂ ಟಿ-4 ಒಂದಿಷ್ಟು ಮೇಲೆದ್ದಿರುತ್ತದೆ. ಟಿಎಸ್‌ಎಚ್ ಕೂಡ ನಸುಕಿನಲ್ಲಿ ಹೆಚ್ಚು, ಮಧ್ಯಾಹ್ನಕ್ಕೆ ಕಡಿಮೆ. ಒಮ್ಮೆ ಬೆಳಿಗ್ಗೆ ಏಳಕ್ಕೆ, ಇನ್ನೊಮ್ಮೆ ಮೂರು ಗಂಟೆಗೆ ಕೊಟ್ಟ ರಕ್ತವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನು ತಿಳಿದೀತು?

ಹೊತ್ತಿನಂತೆ ಜತೆಗೆ ನುಂಗುವುದೂ ಅಂಕಿ ಕೆಡಿಸುತ್ತದೆ. ಕೂದಲು ಉದುರುತ್ತದೆಂದು ಥೈರಾಯ್ಡ್ ತೊಂದರೆಯಿರುವ ಹೆಂಗಸರು ಅದೇ ಅಂಗಡಿಯಿಂದ ಬಯೋಟಿನ್ ಎಂಬ ವಿಟಮಿನ್ ತರುತ್ತಾರೆ. ದೊಡ್ಡ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳನ್ನು ದಾರಿ ತಪ್ಪಿಸುತ್ತದೆ: ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ-3, ಟಿ-4 ಇರುವುದಕ್ಕಿಂತ ಹೆಚ್ಚು ಎಂದು ತೋರುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗೂ ಥೈರಾಯ್ಡ್ ಗುಳಿಗೆಗೂ ನಡುವೆ ನಾಲ್ಕು ತಾಸು ಬಿಡಬೇಕು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಇದರ ಜತೆಗೇ ಒಂದು ಗುಟುಕಿಗೆ ನುಂಗುವ ಬಸುರಿಯರು ನಮ್ಮಲ್ಲಿದ್ದಾರೆ.

ಬಸುರಿಯರ ಮಾತು ಬಂದದ್ದರಿಂದ ಒತ್ತಿ ಹೇಳುತ್ತೇವೆ. ಒಣಗ್ರಂಥಿಯ ಮಾತ್ರೆ ಅವರಿಗೆ ಸಲ್ಲ. ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಕೂಸಿನ ಮಿದುಳು ಬೆಳೆಯಲು ತಾಯಿಯ ಟಿ-4 ಬೇಕು, ಈ ಮಾತ್ರೆಯಲ್ಲಿ ಕಡಿಮೆ ಇರುವುದೂ ಅದೇ. ಬಸುರಾದದ್ದು ತಿಳಿದ ದಿನವೇ ವೈದ್ಯರನ್ನು ಕಾಣಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಸೊರಗಿದ ಹೆಂಗಸರದು ಬೇರೆಯೇ ಕಥೆ. ಟಿಎಸ್‌ಎಚ್ ಬರುವುದೇ ಆ ಗ್ರಂಥಿಯಿಂದ. ಅವರ ಟಿಎಸ್‌ಎಚ್ ಸರಿಯಿದೆ ಎಂದು ಹಾಳೆ ಹೇಳಿದರೂ ನಂಬುವಂತಿಲ್ಲ.

ರಾಯಚೂರಿನ ಪ್ರಯೋಗಾಲಯಗಳಿಗೆ, ತಾಲ್ಲೂಕು ಕೇಂದ್ರಗಳಲ್ಲಿ ರಕ್ತ ತೆಗೆದು ಹೊರಗೆ ಕಳಿಸುವವರಿಗೆ ನಮ್ಮ ಕೇಳಿಕೆ ಒಂದೇ. ಥೈರಾಯ್ಡ್ ರಿಪೋರ್ಟಿನ ನೆತ್ತಿಯ ಮೇಲೆ ಎರಡು ಸಾಲು ಸೇರಿಸಿ: ಯಾವ ಗುಳಿಗೆ, ಕೊನೆಯದನ್ನು ನುಂಗಿದ್ದು ಯಾವಾಗ. ರಕ್ತ ತೆಗೆದ ಹೊತ್ತು ಹೇಗೂ ಕಂಪ್ಯೂಟರಿನಲ್ಲಿರುತ್ತದೆ. ಸೂಜಿ ಹಿಡಿದ ಹುಡುಗ ಅಥವಾ ಹುಡುಗಿ ಎರಡು ಪ್ರಶ್ನೆ ಕೇಳಿದರೆ ಸಾಕು, ಇದಕ್ಕೆ ಯಂತ್ರ ಬೇಡ, ಅನುದಾನ ಬೇಡ. ಔಷಧಿ ಅಂಗಡಿಯವರು, ದಯವಿಟ್ಟು, ಹಾಳೆ ನೋಡಿ ಅಳತೆ ಹೇಳುವುದನ್ನು ಬಿಡಿ. ಅಳತೆ ಬದಲಿಸಿದರೆ ಟಿಎಸ್‌ಎಚ್ ಹದಕ್ಕೆ ಬರಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಏರಿಸಿ ಇಳಿಸಿದರೆ ಯಾವ ಅಂಕಿಯೂ ನೆಲೆ ನಿಲ್ಲುವುದಿಲ್ಲ.

ಆ ಓದುಗರಿಗೆ ನಾವು ಹೇಳಿದ್ದೂ ಇಷ್ಟೇ. ಗುಳಿಗೆ ಏರಿಸಬೇಡಿ, ಬಿಡಬೇಡಿ, ಈ ಹಾಳೆಯ ಮೇಲೆ ಆರು ಮತ್ತು ಒಂಬತ್ತೂವರೆ ಎಂದು ಬರೆದುಕೊಂಡು ವೈದ್ಯರಲ್ಲಿಗೆ ಹೋಗಿ. ಅವರು ಮತ್ತೆ ಪರೀಕ್ಷೆ ಬರೆದರೆ, ನಿಮ್ಮ ಮನೆಯವರು ಆವತ್ತಿನ ಗುಳಿಗೆ ನುಂಗದೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಲಿ. ರಗತ ಕೊಟ್ಟಾದ ಮೇಲೆ ನೀರಿನೊಂದಿಗೆ ನುಂಗಲಿ, ಅರ್ಧ ತಾಸಿನಿಂದ ಒಂದು ತಾಸು ಕೂತು, ಆಮೇಲೆ ವಗ್ಗರಣಿ-ಮಿರ್ಚಿ. ಓದುಗರು ಹಾಳೆಯ ಹಿಂದೆ ಎಲ್ಲವನ್ನೂ ಬರೆದುಕೊಂಡರು.