ಒಂದು ವಿಳಾಸ, ಒಂದೇ ಉತ್ತರ

ಹಳೆಯ ಮೈಕ್ರೊಪ್ರೊಸೆಸರಿನಿಂದ ಗಣಕಯಂತ್ರವನ್ನು ಸ್ವಹಸ್ತದಿಂದ ಕಟ್ಟಬಯಸುವ ವಿದ್ಯಾರ್ಥಿಗಳು ವಿಳಾಸ ನಿರ್ಣಯದ ತಂತಿಜೋಡಣೆಯಲ್ಲಿ ಲೋಭ ತೋರಬಾರದೆಂಬುದು ನನ್ನ ಅಭಿಮತ. 1975ರಲ್ಲಿ ಬಂದ 6502 ಚಿಪ್‌ಗೆ ವಿಳಾಸದ ತಂತಿಗಳು 16. ಅವು ಸೂಚಿಸಬಲ್ಲ ಸ್ಥಾನಗಳು 65,536. ಮೇಲಿನ ಮೂರು ತಂತಿಗಳನ್ನು 74138 ಎಂಬ ವಿಂಗಡಣೆಯ ಚಿಪ್‌ಗಿತ್ತರೆ, ತಲಾ 8,192 ಸ್ಥಾನಗಳ ಎಂಟು ವಿಭಾಗಗಳಾಗಿ, ಒಮ್ಮೆಗೆ ಒಂದೇ ವಿಭಾಗಕ್ಕೆ ಅಪ್ಪಣೆ ದೊರೆಯುವುದು. ಶ್ರಮ ಉಳಿಸಲೆಂದು ಒಂದು ತಂತಿಯನ್ನು ಕೈಬಿಟ್ಟರೆ, ಒಂದೇ ಮೆಮೊರಿ ಚಿಪ್ ಎರಡೆರಡು ವಿಳಾಸಗಳಲ್ಲಿ ಓಗೊಡುವುದು; ಮುಂದೆ ಅಲ್ಲಿಯೇ ಮತ್ತೊಂದನ್ನು ಸೇರಿಸಿದಾಗ ಎರಡೂ ಏಕಕಾಲಕ್ಕೆ ಉತ್ತರಿಸಿ ದತ್ತಾಂಶ ಕೆಡುವುದು. ಪದ್ಯದ ಅನ್ವಯ ತಪ್ಪಿದರೆ ಅರ್ಥ ಕೆಡುವಂತೆಯೇ ಇದೂ. ಇಂದಿನ ಗಣಕಗಳಲ್ಲಿ ಈ ಕಾರ್ಯವು ಚಿಪ್‌ನೊಳಗೇ ಅಡಗಿದೆ; ಆದುದರಿಂದಲೇ ಒಮ್ಮೆಯಾದರೂ ಕೈಯಾರೆ, ಪೂರ್ಣವಾಗಿ ಜೋಡಿಸಿ ಕಲಿಯುವುದು ಲೇಸು.