ಕಳೆದು ಕೂಡಿಸುವ ಲೆಕ್ಕ

ಮಕ್ಕಳೇ, ನಿಮ್ಮ ಗಣಿತದಲ್ಲಿ ಸಂಕಲನ ಎಂದರೆ ಕೂಡುವುದು, ವ್ಯವಕಲನ ಎಂದರೆ ಕಳೆಯುವುದು. ಸಿನಿಮಾದಲ್ಲಿಯೂ ‘ಸಂಕಲನ’ ಎಂದು ಒಬ್ಬರ ಹೆಸರು ಬರುತ್ತದಲ್ಲ, ಅವರು ಮಾಡುವುದು ಎರಡನ್ನೂ. ಚಿತ್ರೀಕರಿಸಿದ ದೃಶ್ಯಗಳಲ್ಲಿ ಬೇಡವಾದದ್ದನ್ನು ಕಳೆಯುತ್ತಾರೆ, ಉಳಿದದ್ದನ್ನು ಕಥೆ ತಿಳಿಯುವಂತೆ ಕೂಡಿಸುತ್ತಾರೆ. ಹಿಂದೆ ಫಿಲ್ಮಿನ ಸುರುಳಿಯನ್ನು ನಿಜವಾಗಿಯೂ ಕತ್ತರಿಸಿ ಅಂಟಿಸುತ್ತಿದ್ದರು. ಈಗ ಅದೆಲ್ಲ ಕಂಪ್ಯೂಟರಿನಲ್ಲಿ.

ನಮ್ಮ ಹೊನ್ನಾವರ, ಕುಮಟಾ ಕಡೆಯ ಅಜ್ಜಂದಿರಿಗೆ ಇದು ಬೇಗ ಅರ್ಥವಾದೀತು. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನದ ಆಟ ಈಗ ಎಷ್ಟೋ ಕಡೆ ಮೂರು ತಾಸಿಗೆ ಮುಗಿಯುತ್ತದೆ. ಯಾವ ಪದ್ಯ ಬಿಡಬಹುದು, ಯಾವುದನ್ನು ಬಿಟ್ಟರೆ ಪ್ರಸಂಗವೇ ಕೆಡುತ್ತದೆ ಎಂದು ಬಲ್ಲ ಭಾಗವತರಿದ್ದರೆ ಮಾತ್ರ ಅದು ಕಳೆಗಟ್ಟುತ್ತದೆ.

ಸಿನಿಮಾದಲ್ಲಿ ಹೀಗೆ ಕತ್ತರಿ ಹಿಡಿದವರೇ ಮುಂದೆ ನಿರ್ದೇಶಕರಾದದ್ದೂ ಉಂಟು. ಅಂಥವರೊಬ್ಬರು ನಮ್ಮ ರಾಮನಗರದ ಬೆಟ್ಟಗಳಿಗೂ ಬಂದಿದ್ದರು. ಹೆಸರು ಡೇವಿಡ್ ಲೀನ್. ಹುಟ್ಟಿದ್ದು 1908ರಲ್ಲಿ, ಇಂಗ್ಲೆಂಡಿನಲ್ಲಿ. ಮನೆಯಲ್ಲಿ ಸಿನಿಮಾ ನೋಡಲು ಬಿಡುತ್ತಿರಲಿಲ್ಲ. ತಂದೆ ಅಕೌಂಟೆಂಟ್. ಮಗನನ್ನೂ ತಮ್ಮ ಕಚೇರಿಯಲ್ಲೇ ಲೆಕ್ಕ ಬರೆಯಲು ಕೂರಿಸಿದರು. ಹುಡುಗನಿಗೆ ಅದು ಹಿಡಿಸಲಿಲ್ಲ. (ಲೆಡ್ಜರ್ ಬರೆಯುತ್ತಲೇ ಆಯುಷ್ಯ ಕಳೆದ ನನಗೆ ಅದರಿಂದ ಬೇಸರವೇನಿಲ್ಲ!) ಆತ ಸ್ಟುಡಿಯೋ ಒಂದಕ್ಕೆ ಸೇರಿದ. ಮೊದಲ ಕೆಲಸ ಚಹಾ ತಂದುಕೊಡುವುದು. ಅಲ್ಲಿಂದ ಸಂಕಲನದ ಕೋಣೆಗೆ ಹೋಗಿ, ಕೆಲಸ ಕಲಿತು, ಇಂಗ್ಲೆಂಡಿನ ಹೆಸರಾಂತ ಸಂಕಲನಕಾರರಲ್ಲಿ ಒಬ್ಬರಾದರು. 1942ರಲ್ಲಿ ಮೊದಲ ಸಲ, ಇನ್ನೊಬ್ಬರ ಜೊತೆಯಲ್ಲಿ, ನಿರ್ದೇಶನಕ್ಕೆ ಕೈ ಹಾಕಿದರು.

1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಅವರ ದೊಡ್ಡ ಚಿತ್ರ. ಅದರಲ್ಲಿ ನಾಯಕ ಉರಿಯುವ ಬೆಂಕಿಕಡ್ಡಿಯನ್ನು ಊದಿ ಆರಿಸುತ್ತಾನೆ. ಮರುಕ್ಷಣ ತೆರೆಯ ತುಂಬ ಮರುಭೂಮಿಯ ಸೂರ್ಯೋದಯ. ಕೋಣೆಯಿಂದ ಮರಳುಗಾಡಿಗೆ ಹೋದ ದಾರಿಯನ್ನು ತೋರಿಸುವುದೇ ಇಲ್ಲ. ಆದರೂ ನಮಗೆ ತಿಳಿಯುತ್ತದೆ! ಆ ಚಿತ್ರದ ಸಂಕಲನ ಆ್ಯನ್ ಕೋಟ್ಸ್ ಎಂಬ ಮಹಿಳೆಯದು. ನಿರ್ದೇಶನಕ್ಕೆ ಲೀನ್ ಅವರಿಗೂ, ಸಂಕಲನಕ್ಕೆ ಕೋಟ್ಸ್ ಅವರಿಗೂ ಆಸ್ಕರ್ ಬಂತು.

1970ರಲ್ಲಿ ಮಾಡಿದ ಚಿತ್ರವನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು. ಲೀನ್ ಮನಸ್ಸು ಮುದುಡಿತು. 14 ವರ್ಷ ಅವರ ಒಂದೂ ಕಥಾಚಿತ್ರ ತೆರೆಗೆ ಬರಲಿಲ್ಲ. ಮುಗಿಯಿತು ಇವರ ಕಥೆ ಎಂದುಕೊಳ್ಳುವಷ್ಟರಲ್ಲಿ ಇ. ಎಂ. ಫಾರ್ಸ್ಟರ್ ಕಾದಂಬರಿಯನ್ನು ಹಿಡಿದು ಭಾರತಕ್ಕೆ ಬಂದರು. ಚಿತ್ರದ ಹೆಸರು ‘ಎ ಪ್ಯಾಸೇಜ್ ಟು ಇಂಡಿಯಾ’. ಕಥೆಗೆ ಬೇಕಾದ ಗುಹೆಗಳ ಬಾಯಿಯನ್ನು ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳಲ್ಲಿ ಕೊರೆಸಿದರು. 1984ರಲ್ಲಿ ಚಿತ್ರ ಬಿಡುಗಡೆಯಾದಾಗ ಲೀನ್ ಅವರಿಗೆ 76 ವರ್ಷ. ನಿರ್ದೇಶನವೂ ಅವರದೇ, ಸಂಕಲನವೂ ಅವರದೇ. ಮುಪ್ಪಿನಲ್ಲಿ ತಮ್ಮ ಮೊದಲಿನ ಕಸುಬಿಗೇ ಮರಳಿದ್ದರು. ಚಿತ್ರಕ್ಕೆ ಎರಡು ಆಸ್ಕರ್ ಬಂದವು.

ಅದೇ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ ಅಜ್ಜ-ಅಜ್ಜಿಯರಿಗೆಲ್ಲ ಗೊತ್ತು. ಗಬ್ಬರ್‌ನ ಹೆಸರು ಮಕ್ಕಳಿಗೂ ಗೊತ್ತು. ಆದರೆ ಆ ಚಿತ್ರ ಬಂದ ಕಾಲದಲ್ಲಿ ಅದಕ್ಕೆ ಸಿಕ್ಕ ಒಂದೇ ಒಂದು ಫಿಲ್ಮ್‌ಫೇರ್ ಪ್ರಶಸ್ತಿ ಸಂಕಲನಕಾರ ಎಂ. ಎಸ್. ಶಿಂಧೆ ಅವರದು. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ?

ಮಕ್ಕಳೇ, ಈಗ ನೀವೂ ಮೊಬೈಲಿನಲ್ಲಿ ಕತ್ತರಿಸಿ, ಅಂಟಿಸಿ ವಿಡಿಯೋ ಮಾಡುತ್ತೀರಿ. ಯಾರಿಗಾದರೂ ಕಳಿಸುವ ಮೊದಲು ಅಜ್ಜನಿಗೋ ಅಜ್ಜಿಗೋ ತೋರಿಸಿ. ಅವರು ಎಲ್ಲಿ ಆಕಳಿಸುತ್ತಾರೋ ಅಲ್ಲಿ ಕತ್ತರಿ ಹಾಕಿ. ಎಲ್ಲಿ ‘ಇನ್ನೊಮ್ಮೆ ತೋರಿಸು’ ಎನ್ನುತ್ತಾರೋ ಅದನ್ನು ಮಾತ್ರ ಮುಟ್ಟಬೇಡಿ.