ತೋಟದ ಫರ್, ಬೆಟ್ಟದ ಫರ್

ಕ್ರಿಸ್ತಜಯಂತಿಗೆ ನಮ್ಮ ಮನೆಗಳಲ್ಲಿ ಗೋದಲಿಯ ಪಕ್ಕದಲ್ಲಿ ಗಾಳಿಮರದ ಕೊಂಬೆಯೊಂದನ್ನು ನಿಲ್ಲಿಸಿ ಸಿಂಗರಿಸುವುದುಂಟು. ಆ ಕೊಂಬೆ ಯಾವ ಮರದ ಬದಲಿಗೆ ನಿಲ್ಲುತ್ತದೆಯೋ ಆ ಫರ್ ಮರವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಶೀತಲ ಬೆಟ್ಟಗಳಲ್ಲಿ ಶಂಕುವಿನಾಕಾರದಲ್ಲಿ ಬೆಳೆಯುವ ನಿತ್ಯಹಸುರಿನ ಮರವದು. ಯುರೋಪಿನ ಉದ್ಯಾನಪ್ರಿಯರು ಅದನ್ನು ಅಲಂಕಾರಕ್ಕೆಂದು ಬೆಳೆಸಿದರು. ಇದ್ದ ಜಾತಿಗಳು ಸಾಲದೆ ಎರಡನ್ನು ಕೂಡಿಸಿ ಮೂರನೆಯದನ್ನು ಪಡೆದರು.

1867ರಲ್ಲಿ ಪ್ಯಾರಿಸ್ ಸಮೀಪದ ವೆರಿಯೇರ್‌ನಲ್ಲಿ ಆನ್ರಿ ದ ವಿಲ್ಮೊರಾಂ ಎಂಬವರು ಸ್ಪೇನಿನ ಪಿನ್ಸಾಪೊ ಫರ್ ಹಾಗೂ ಗ್ರೀಸಿನ ಸೆಫಲೋನಿಯಾ ಫರ್‌ಗಳ ನಡುವೆ ಪರಾಗಸ್ಪರ್ಶ ಮಾಡಿಸಿದರು. ಫರ್ ಮರದ ಪರಾಗವನ್ನು ಒಯ್ಯುವುದು ಗಾಳಿ. ಆದರೆ ಇವೆರಡರ ತವರುಗಳ ನಡುವಿನ ಅಂತರ 2,000 ಕಿಲೋಮೀಟರಿಗೂ ಅಧಿಕ. ಗಾಳಿಯಿಂದಾಗದ ಕೆಲಸವನ್ನು ಮನುಷ್ಯನ ಕೈ ಮಾಡಿತು. ಮೊಳೆಯಬಲ್ಲ ಬೀಜ ದೊರೆತದ್ದು ಒಂದೇ ಒಂದು. ಅದರಿಂದ ಬಂದ ತಳಿಗೆ ಇಂದಿಗೂ ವಿಲ್ಮೊರಾಂ ಅವರದೇ ಹೆಸರು.

ಹಾಗಾದರೆ ಈ ಮರ ಪ್ರಕೃತಿಯದೋ, ಮನುಷ್ಯನದೋ? ಸ್ವಭಾವಜನ್ಯ ವಸ್ತುವಿನ ಬೆಳವಣಿಗೆಯ ಮೂಲ ಅದರೊಳಗೇ ಇರುತ್ತದೆ, ಮಂಚದ ಮೂಲವಾದರೋ ಬಡಗಿಯಲ್ಲಿರುತ್ತದೆ ಎಂಬುದು ಅರಿಸ್ಟಾಟಲನ ವಿಚಾರ. (ಗುರುಮಠದಲ್ಲಿ ಇದನ್ನು ಬಾಯಿಪಾಠ ಮಾಡಿದಾಗ ಮರಗಳ ಬಗ್ಗೆ ನಾವಾರೂ ಯೋಚಿಸಿರಲಿಲ್ಲ!) ವಿಲ್ಮೊರಾಂ ಮಂಚವನ್ನು ಮಾಡಲಿಲ್ಲ. ಅವರು ಪರಾಗವನ್ನು ಮುಟ್ಟಿಸಿದರು, ಅಷ್ಟೆ. ಮೊಳೆತದ್ದು, ಬೇರುಬಿಟ್ಟದ್ದು, ಆಕಾಶಕ್ಕೇರಿದ್ದು ಬೀಜವೇ. ಆದುದರಿಂದ ಮಿಶ್ರತಳಿಯನ್ನು ಕೃತಕವೆಂದು ಹೀಗಳೆಯುವವರ ವಾದ ನನಗೆ ಒಪ್ಪಿಗೆಯಿಲ್ಲ.

ನನ್ನ ತಕರಾರು ಬೇರೆಯೇ ಇದೆ. ಮಿಶ್ರತಳಿಯ ಬೀಜವನ್ನು ಬಿತ್ತಿದರೆ ಅದೇ ಚೆಲುವಿನ ಮರ ಬರುವುದೆಂಬ ಭರವಸೆಯಿಲ್ಲ, ಕಸಿ ಕಟ್ಟಬೇಕು. ಕಸಿಯ ಮರಗಳಾದರೋ ಒಂದೇ ಮರದ ಪ್ರತಿಗಳು. ಕಾಡಿನಲ್ಲಿ ಹಾಗಲ್ಲ, ಒಂದು ಮರದಂತೆ ಇನ್ನೊಂದಿಲ್ಲ. ಬರಗಾಲದಲ್ಲಿ ಒಂದು ಒಣಗಿದರೆ ಇನ್ನೊಂದು ಉಳಿದೀತು. ಹೊಸ ತಳಿಗಳಿಗೆ ಬೇಕಾದ ಸಂಪತ್ತೂ ಅಲ್ಲಿಯೇ ಇದೆ. ಆದರೆ 1837ರಲ್ಲಿ ಸಸ್ಯವಿಜ್ಞಾನಿ ಬ್ವಾಸಿಯೇ ಗುರುತಿಸಿದ ಪಿನ್ಸಾಪೊ, ಸ್ಪೇನಿನಲ್ಲಿ ಸಹಜವಾಗಿ ಉಳಿದಿರುವುದು ರೋಂಡಾ ಸುತ್ತಿನ ಕೆಲವೇ ಬೆಟ್ಟಗಳಲ್ಲಿ. ಕಾಡ್ಗಿಚ್ಚು, ಬರ, ಬೇರುಕೊಳೆ ಅದನ್ನು ಕಾಡುತ್ತಿವೆ. ಅಳಿವಿನಂಚಿನ ಮರಗಳ ಪಟ್ಟಿಗೆ ಅದು ಸೇರಿದೆ. ಅದರ ನೆಲೆಗಳಲ್ಲೊಂದಾದ ಸಿಯೆರಾ ದೆ ಲಾಸ್ ನಿಯೆವೆಸ್ ರಾಷ್ಟ್ರೀಯ ಉದ್ಯಾನವಾದದ್ದು 2021ರಲ್ಲಿ.

ಇನ್ನೊಂದು ಅಪಾಯವೂ ಇದೆ. ಫರ್ ಜಾತಿಗಳು ಪರಸ್ಪರ ಸುಲಭವಾಗಿ ಬೆರೆಯುತ್ತವೆ. ಪಿನ್ಸಾಪೊ ಕಾಡಿನ ನೆರೆಯಲ್ಲಿ ಅಂದಕ್ಕೆಂದು ಪರದೇಶದ ಫರ್‌ಗಳನ್ನು ನೆಟ್ಟರೆ, ಅಂದು ವಿಲ್ಮೊರಾಂ ಕೈಯಾರೆ ಮಾಡಿದ್ದನ್ನು ಇಂದು ಗಾಳಿಯೇ ಮಾಡೀತು. ಮೂಲ ತಳಿ ಸದ್ದಿಲ್ಲದೆ ಕಲಬೆರಕೆಯಾದೀತು. ಪ್ಯಾರಿಸಿನ ಉದ್ಯಾನದಲ್ಲಿ ಮಿಶ್ರಫರ್ ಶೋಭಿಸಲಿ, ಅದಕ್ಕೆ ಅಡ್ಡಿಯಿಲ್ಲ. ರೋಂಡಾದ ಇಳಿಜಾರುಗಳ ಬಳಿ ಮಾತ್ರ ಅದನ್ನು ನೆಡಕೂಡದು. ಈಗಾಗಲೇ ನೆಟ್ಟಿದ್ದರೆ, ಎಷ್ಟೇ ಸುಂದರವಾಗಿದ್ದರೂ ಕಡಿಯಬೇಕು.